ನಾಯಿ ಊಟ ಬಿಟ್ಟರೆ ಬಿಸಿಲಿಗೆ ಅಂತ ಕೂರಬೇಡಿ

ಮನೆಯಲ್ಲಿ ನಾಯಿ ಇರುವವರು ದಯವಿಟ್ಟು ಓದಿ. ನಮ್ಮ ಕರಿಯ ಉಣುಗು ಜ್ವರದಲ್ಲಿ ಹೋದ. ನಾಲ್ಕು ವರ್ಷದ ಗಟ್ಟಿಮುಟ್ಟಾದ ನಾಡನಾಯಿ. ಒಂದು ವಾರದಲ್ಲಿ ಎಲ್ಲ ಮುಗಿಯಿತು.

ಮೊದಲ ದಿನ ಗಂಜಿ ಹಾಕಿದರೆ ಮೂಸಿ ನೋಡಿ ಹೋಗಿ ಮಲಗಿದ. ಬಿಸಿಲಿಗೆ ಹಾಗೆ ಮಾಡ್ತಾನೆ ಅಂದರು ಅತ್ತೆ, ನಾನೂ ನಂಬಿದೆ. ಮರುದಿನವೂ ತಿನ್ನಲಿಲ್ಲ. ಔಷಧಿ ಅಂಗಡಿಯಲ್ಲಿ ಕೇಳಿದಾಗ ಹೊಟ್ಟೆಹುಳ ಇರಬೇಕು ಅಂತ ಮಾತ್ರೆ ಕೊಟ್ಟರು. ಅದನ್ನು ನುಂಗಿಸಿ ಮೂರು ದಿನ ಕಾದೆವು. ಆ ಮೂರು ದಿನ ನನಗೆ ಈಗಲೂ ಚುಚ್ಚುತ್ತದೆ. ಹುಳದ ಮಾತ್ರೆಗೂ ಉಣುಗು ಜ್ವರಕ್ಕೂ ಸಂಬಂಧವೇ ಇಲ್ಲ. ಮಲದಲ್ಲೋ ಬಾಲದ ಬುಡದಲ್ಲೋ ಅಕ್ಕಿಕಾಳಿನಂಥ ಬಿಳಿ ಚೂರು ಕಂಡರೆ, ಮರಿಯ ಹೊಟ್ಟೆ ಡೊಳ್ಳಾಗಿದ್ದರೆ ಅದು ಹುಳದ ಲಕ್ಷಣ. ಕರಿಯನಿಗೆ ಇವೆರಡೂ ಇರಲಿಲ್ಲ.

ಆರನೇ ದಿನ ಜಗಲಿಯ ಮೇಲೆ ರಕ್ತದ ಹನಿ ನೋಡಿದೆ. ಮೂಗಿನ ಒಂದು ಹೊಳ್ಳೆಯಿಂದ ಬರುತ್ತಿತ್ತು. ಅದಕ್ಕೂ ಮೊದಲೇ ಬಂದಿತ್ತೋ ಏನೋ, ಅವನು ನೆಕ್ಕಿಕೊಂಡಿದ್ದರೆ ನಮಗೆ ತಿಳಿಯುವುದಾದರೂ ಹೇಗೆ? ಪಶುವೈದ್ಯರು ತುಟಿ ಎತ್ತಿ ತೋರಿಸಿದರು, ಗುಲಾಬಿ ಬಣ್ಣ ಇರಬೇಕಾದ ವಸಡು ಬಿಳಿಚಿಕೊಂಡಿತ್ತು. ಹೊಟ್ಟೆಯ ಕೂದಲು ಸರಿಸಿದರೆ ಸಾಸಿವೆಯಂಥ ಕೆಂಪು ಚುಕ್ಕೆಗಳು. ಎರಡು ಲಕ್ಷದ ಮೇಲಿರಬೇಕಾದ ಪ್ಲೇಟ್‌ಲೆಟ್ 14 ಸಾವಿರಕ್ಕೆ ಇಳಿದಿತ್ತು. ಎರ್ಲಿಕಿಯಾ ಅಂದರು, ಉಣುಗು ಕಚ್ಚಿದಾಗ ರಕ್ತಕ್ಕೆ ಸೇರುವ ರೋಗಾಣು, ಉಣುಗು ಜ್ವರ ತರುವುದು ಅದೇ. ಡ್ರಿಪ್ ಹಾಕಿದರು, ಇಂಜೆಕ್ಷನ್ ಕೊಟ್ಟರು. ಮಾರನೇ ದಿನ ಬೆಳಗಿನ ಜಾವ ಹೋದ.

"ಮೈಮೇಲೆ ಈಗ ಒಂದೂ ಉಣುಗು ಇಲ್ವಲ್ಲ ಡಾಕ್ಟ್ರೇ" ಅಂತ ಕೇಳಿದ್ದೆ. ಅಲ್ಲೇ ನಾವು ಎಡವಿದ್ದು. ಉಣುಗು ಕಚ್ಚಿದ 8ರಿಂದ 20 ದಿನದೊಳಗೆ ಜ್ವರ ಬರುತ್ತದಂತೆ. ಅಷ್ಟರಲ್ಲಿ ಅದು ರಕ್ತ ಕುಡಿದು ಉದುರಿ ಹೋಗಿರುತ್ತದೆ. ಜ್ವರಕ್ಕೆ ಹದಿನೈದು ದಿನ ಮೊದಲು ಅವನ ಕಿವಿಯಿಂದ ನಾಲ್ಕು ಉಣುಗು ಕಿತ್ತು, ಕೆಲಸ ಮುಗಿಯಿತು ಅಂದುಕೊಂಡಿದ್ದೆ.

ಕರಿಯ ಹೋದ ಹತ್ತು ದಿನಕ್ಕೆ ನಮ್ಮ ಇನ್ನೊಂದು ನಾಯಿ ಚಿನ್ನಿಯೂ ಊಟ ಬಿಟ್ಟಳು. ಅದೇ ದಿನ ಕರೆದುಕೊಂಡು ಓಡಿದೆ. 104 ಡಿಗ್ರಿ ಜ್ವರ, ನಾಯಿಗೆ ಸಾಮಾನ್ಯವಾಗಿ 101, 102 ಇರುತ್ತದೆ. ಡಾಕ್ಸಿಸೈಕ್ಲಿನ್ ಅನ್ನುವ ಆ್ಯಂಟಿಬಯೋಟಿಕ್ ಮಾತ್ರೆ 28 ದಿನಕ್ಕೆ ಬರೆದುಕೊಟ್ಟರು. ಮೂರನೇ ದಿನಕ್ಕೇ ಬಾಲ ಅಲ್ಲಾಡಿಸಿದಳು, ಆದರೂ ಮಾತ್ರೆ ಒಂದು ದಿನವೂ ತಪ್ಪಿಸಲಿಲ್ಲ. ಉಳಿದಳು. ದಯವಿಟ್ಟು ಯಾರೂ ನಡುವೆ ನಿಲ್ಲಿಸಬೇಡಿ.

ಜ್ವರ ಅಂತ ನಾವು ನುಂಗುವ ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಕೊಡಲೇಬೇಡಿ, ನಾಯಿಗೆ ಅದು ವಿಷವಾಗಬಹುದು. ಉಣುಗು ಹೋಗಲಿ ಅಂತ ಸೀಮೆಎಣ್ಣೆ ಹಚ್ಚಬೇಡಿ. ದನಕ್ಕೆ ಹಾಕುವ ಉಣುಗಿನ ಔಷಧಿಯನ್ನು ಅಂದಾಜಿನಲ್ಲಿ ಬಳಿಯಬೇಡಿ, ನಾಯಿ ಮೈ ನೆಕ್ಕಿಕೊಳ್ಳುತ್ತದೆ. ನಾಯಿಯ ತೂಕಕ್ಕೆ ತಕ್ಕ ಔಷಧಿಯನ್ನು ವೈದ್ಯರನ್ನೇ ಕೇಳಿ. ನಾಯಿಯ ಕಂದು ಉಣುಗು ಗೋಡೆಯ ಬಿರುಕಿನಲ್ಲಿ ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ. ಹಾಗಾಗಿ ನಾಯಿ ಮಲಗುವ ಮೂಲೆಯನ್ನೂ ಬಿಡುವಂತಿಲ್ಲ.

ಈಗ ದಿನಾ ರಾತ್ರಿ ಚಿನ್ನಿಯ ಕಿವಿಯೊಳಗೆ, ಕೊರಳಪಟ್ಟಿಯ ಕೆಳಗೆ, ಬಾಲದ ಬುಡದಲ್ಲಿ, ಬೆರಳ ಸಂದಿಯಲ್ಲಿ ಟಾರ್ಚ್ ಹಿಡಿದು ನೋಡುತ್ತೇನೆ. ನಿನ್ನೆ ಬಲ ಮುಂಗಾಲಿನಲ್ಲಿ ಎಳ್ಳಿನಷ್ಟು ದೊಡ್ಡದೊಂದು ಸಿಕ್ಕಿತು. ಚಿಮಟದಲ್ಲಿ ಬುಡಕ್ಕೇ ಹಿಡಿದು ತೆಗೆದು, ಕ್ಯಾಲೆಂಡರಿನಲ್ಲಿ ತಾರೀಕು ಗುರುತು ಹಾಕಿದ್ದೇನೆ. ಅಲ್ಲಿಂದ 20 ದಿನ ಅವಳ ತಟ್ಟೆಯ ಮೇಲೆ ನನ್ನ ಕಣ್ಣು.