ಬಿಲ್ ಇಲ್ಲದೆ ತಂದ ಎಸ್‌ಎಸ್‌ಡಿ, ಬ್ಲಿಝಾರ್‌ನಲ್ಲಿ ನಿಂತುಹೋದ ಗೇಮ್

ಕಲಬುರಗಿಯಲ್ಲಿ ಯಾರಾದರೂ ಹಳೇ ಕಂಪ್ಯೂಟರ್‌ಗೆ ಅಗ್ಗದ ಎಸ್‌ಎಸ್‌ಡಿ (ಹಾರ್ಡ್ ಡಿಸ್ಕಿನ ಬದಲು ಹಾಕುವ ವೇಗದ ಡಿಸ್ಕ್) ಹಾಕಿಸಿಕೊಂಡು ದೊಡ್ಡ ಗೇಮ್ ಆಡಬೇಕು ಅಂತಿದ್ದರೆ ಒಂದು ಹತ್ತು ನಿಮಿಷ ಇದನ್ನು ಓದಿ. ನನಗೆ ಹೋದದ್ದು ಒಂದು ಸಾವಿರದ ಒಂಬೈನೂರು ರೂಪಾಯಿ, ಗೇಮಿನ ದುಡ್ಡು, ಮೂರು ರಾತ್ರಿಯ ಡೌನ್‌ಲೋಡ್. ದುಡ್ಡಿಗಿಂತ ಹೆಚ್ಚು ಹೊಟ್ಟೆ ಉರಿಸಿದ್ದು ಬೇರೆ. ಮೋಸ ಮೊದಲ ಅರ್ಧ ಗಂಟೆಯಲ್ಲೇ ಕಣ್ಣಿಗೆ ಬಿದ್ದಿತ್ತು, ನಾನೇ ಗುರುತಿಸಲಿಲ್ಲ.

ಗೇಮ್ ಯಾವುದು ಅಂದರೆ ‘ರ್ಯಾಚೆಟ್ ಆ್ಯಂಡ್ ಕ್ಲ್ಯಾಂಕ್: ರಿಫ್ಟ್ ಅಪಾರ್ಟ್’. ಈ ಸರಣಿ ಶುರುವಾದದ್ದು 2002ರಲ್ಲಿ, ಸೋನಿಯ ಗೇಮ್ ಯಂತ್ರ ಪ್ಲೇಸ್ಟೇಷನ್ 2ರ (ಪಿಎಸ್2) ಕಾಲದಲ್ಲಿ. ನಾನು ಶಾಲೆಯಲ್ಲಿದ್ದಾಗ ಗಂಟೆಗೆ ಇಷ್ಟು ಅಂತ ಕೊಟ್ಟು ಗೇಮ್ ಪಾರ್ಲರ್‌ನಲ್ಲಿ ಆಡಿದ್ದೆ. ನರಿಯಂಥ ಕಿವಿಯ ಮೆಕ್ಯಾನಿಕ್ ರ್ಯಾಚೆಟ್, ಅವನ ಬೆನ್ನಿಗೆ ಅಂಟಿಕೊಂಡ ಪುಟ್ಟ ರೋಬೋ ಕ್ಲ್ಯಾಂಕ್, ಗ್ರಹದಿಂದ ಗ್ರಹಕ್ಕೆ ಹಾರಾಟ, ಕೈಯಲ್ಲಿ ಚಿತ್ರವಿಚಿತ್ರ ಬಂದೂಕು. ರಿಫ್ಟ್ ಅಪಾರ್ಟ್ 2021ರ ಜೂನ್‌ನಲ್ಲಿ ಪಿಎಸ್5ಗೆ ಬಂತು, 2023ರ ಜುಲೈನಲ್ಲಿ ಪಿಸಿಗೆ. ಪಿಎಸ್5 ಕೊಳ್ಳುವ ತಾಕತ್ತು ನನಗಿಲ್ಲ. ಪಿಸಿಗೆ ಬಂದಾಗಿನಿಂದ ಕಣ್ಣಿಟ್ಟಿದ್ದೆ, ಡಿಸ್ಕೌಂಟ್ ಬಿದ್ದ ದಿನ ತಗೊಂಡೆ.

ಇದರ ಇಡೀ ಆಟ ನಿಂತಿರುವುದು ಡಿಸ್ಕಿನ ವೇಗದ ಮೇಲೆ. ಶುರುವಿನಲ್ಲೇ ಮೆಗಲೋಪೊಲಿಸ್ ಊರಲ್ಲಿ ಇಬ್ಬರಿಗೂ ಸನ್ಮಾನದ ಮೆರವಣಿಗೆ ನಡೆದಿರುತ್ತದೆ. ಡೈಮೆನ್ಶನೇಟರ್ ಅನ್ನೋ ಯಂತ್ರ ಕೆಟ್ಟು ಆಕಾಶ ಬಟ್ಟೆ ಹರಿದ ಹಾಗೆ ಹರಿಯುತ್ತದೆ. ಒಂದು ಬಿರುಕಿನೊಳಗೆ ಬಿದ್ದರೆ ಬೇರೆ ಲೋಕ, ಅಲ್ಲಿಂದ ಬಿದ್ದರೆ ಇನ್ನೊಂದು. ನಡುವೆ ಲೋಡಿಂಗ್ ಪರದೆಯೇ ಬರಬಾರದು, ಮಜಾ ಇರುವುದೇ ಅದರಲ್ಲಿ. ಪಿಸಿಗೆ ಕಂಪನಿ ಬರೆದಿರುವ ಕನಿಷ್ಠ ಲೆಕ್ಕ ಏನೂ ದೊಡ್ಡದಲ್ಲ: ಜಿಟಿಎಕ್ಸ್ 960 ಮಟ್ಟದ ಗ್ರಾಫಿಕ್ಸ್ ಕಾರ್ಡ್, 8 ಜಿಬಿ ರ್ಯಾಮ್, 75 ಜಿಬಿ ಜಾಗ. ನನ್ನ ಹತ್ತಿರ 1650 ಕಾರ್ಡ್ ಇತ್ತು, ರ್ಯಾಮ್ ಇತ್ತು. ಇಲ್ಲದೇ ಇದ್ದದ್ದು ಎಸ್‌ಎಸ್‌ಡಿ ಒಂದೇ. ಹಳೇ ಹಾರ್ಡ್ ಡಿಸ್ಕ್ ಕಟಕಟ ಅಂತ ತಿರುಗುತ್ತಿತ್ತು.

ಸೂಪರ್ ಮಾರ್ಕೆಟ್ ಕಡೆ ಒಂದು ಅಂಗಡಿ. ಹೆಸರು ಬರೆಯುವುದಿಲ್ಲ. ಬೇರೆ ಕಡೆ 1 ಟಿಬಿ ಎಸ್‌ಎಸ್‌ಡಿಗೆ ನಾನು ಇಲ್ಲಿ ಕೊಟ್ಟದ್ದರ ದುಪ್ಪಟ್ಟಿಗಿಂತ ಜಾಸ್ತಿ ಹೇಳಿದ್ದರು. ಇವನು ನೀಲಿ ಡಬ್ಬಿಯೊಂದನ್ನು ತೆಗೆದು ಗಾಜಿನ ಮೇಲಿಟ್ಟ.

“ಇದು ಹಾಕ್ರಿ ಸರ್, ಗೇಮ್ ಗಾಳಿ ಹಂಗ ಓಡತದ.”

“ಬಿಲ್ ಕೊಡ್ರಿ ಮತ್ತ.”

“ಬಿಲ್ ಬೇಕಂದ್ರ ಮ್ಯಾಲ ಹದಿನೆಂಟು ಪರ್ಸೆಂಟ್ ಬೀಳತದ. ಯಾಕ್ ಬೇಕ್ರಿ ಅದು, ನಾ ಇಲ್ಲೇ ಅದೀನಲ್ಲ?”

ಇದ್ದಾನಲ್ಲ, ಎಲ್ಲಿಗೆ ಓಡಿಹೋಗ್ತಾನೆ ಅಂದುಕೊಂಡೆ. ಫೋನ್‌ನಲ್ಲೇ ದುಡ್ಡು ಹಾಕಿದೆ. ಅದು ಅಂಗಡಿಯ ಹೆಸರಿಗೆ ಹೋಗಲಿಲ್ಲ, ಯಾರದೋ ಸ್ವಂತ ಖಾತೆಗೆ ಹೋಯಿತು. ಆಗಲೂ ಸುಮ್ಮನಿದ್ದೆ.

ಮನೆಗೆ ತಂದು ಹಾಕಿದರೆ ವಿಂಡೋಸ್‌ನಲ್ಲಿ 931 ಜಿಬಿ ಅಂತ ತೋರಿಸಿತು. 1 ಟಿಬಿ ಡಿಸ್ಕ್ ಅಷ್ಟೇ ತೋರಿಸಬೇಕು, ಸಮಾಧಾನವಾಯಿತು. ಮೂರು ರಾತ್ರಿ ಡೌನ್‌ಲೋಡ್. ನಡುವೆ ಎರಡು ಸಲ ಕರೆಂಟ್ ಹೋಯಿತು, ಯುಪಿಎಸ್ ಕುಂಯ್ ಅಂತ ಕೂಗಿತು. ಹಾಗಾಗಿ ಮುಂದೆ ಏನೇ ಎಡವಟ್ಟಾದರೂ ಕರೆಂಟಿನ ತಲೆಗೆ ಕಟ್ಟಲು ನನಗೊಂದು ನೆಪ ಸಿಕ್ಕಿತ್ತು.

ಮೆರವಣಿಗೆ ಚೆನ್ನಾಗಿ ಓಡಿತು. ಮೊದಲ ಬಿರುಕಿಗೆ ರ್ಯಾಚೆಟ್ ಬಿದ್ದ, ಪರದೆ ನಿಂತಿತು. ಒಂದು, ಎರಡು, ಮೂರು... ಹನ್ನೊಂದು ಎಣಿಸುವಷ್ಟರಲ್ಲಿ ಮುಂದಿನ ಲೋಕ ಬಂತು. ಎರಡನೇ ಬಿರುಕಿಗೂ ಅದೇ ಕತೆ. ಮೊದಲ ಸಲ ಅಲ್ಲವಾ, ಆಮೇಲೆ ಸರಿಹೋಗ್ತದೆ ಅಂದುಕೊಂಡೆ. ನನ್ನ ತಪ್ಪು ಆಗಿದ್ದು ಇಲ್ಲಿ. ನಾನು ಗೇಮ್ ತಗೊಂಡ ಆನ್‌ಲೈನ್ ಅಂಗಡಿ ಸ್ಟೀಮ್. ಅಲ್ಲಿ ಕೊಂಡ ಗೇಮ್ ವಾಪಸ್ ಮಾಡಬೇಕಾದರೆ ಕೊಂಡು 14 ದಿನದೊಳಗಿರಬೇಕು, ಆಡಿದ್ದು ಎರಡು ಗಂಟೆ ಮೀರಿರಬಾರದು. ಗೇಮ್ ತೆರೆದಿಟ್ಟು ಚಹಾ ಕುಡಿಯಲು ಹೋದರೂ ಆ ಗಡಿಯಾರ ಓಡುತ್ತಿರುತ್ತದೆ. ಮೆರವಣಿಗೆ ಮುಗಿದ ಕೂಡಲೇ ಬಂದ್ ಮಾಡಿದ್ದರೆ ಗೇಮಿನ ದುಡ್ಡಾದರೂ ವಾಪಸ್ ಬರುತ್ತಿತ್ತು.

ನಾನು ಆಡುತ್ತಲೇ ಹೋದೆ, ಯಾಕಂದರೆ ಗೇಮ್ ಅಷ್ಟು ಚೆನ್ನಾಗಿದೆ. ಟೋಪಿಯರಿ ಸ್ಪ್ರಿಂಕ್ಲರ್ ಅನ್ನೋ ಆಯುಧ ಒಂದಿದೆ, ತೋಟಕ್ಕೆ ನೀರು ಚಿಮ್ಮಿಸುವ ಯಂತ್ರದ ಥರ. ಎಸೆದರೆ ಶತ್ರುಗಳು ಕತ್ತರಿಸಿಟ್ಟ ಗಿಡಗಳಾಗಿ ನಿಂತುಬಿಡುತ್ತಾರೆ, ಅವರ ಸಿಟ್ಟಿನ ಮುಖವೂ ಎಲೆಯಲ್ಲೇ. ಆಯುಧ ಬಳಸಿದಷ್ಟೂ ಅದರ ಮಟ್ಟ ಏರುತ್ತದೆ, ಹಾಗಾಗಿ ಯಾವುದನ್ನೂ ಮೂಲೆಗೆ ಹಾಕಲು ಮನಸ್ಸು ಬರುವುದಿಲ್ಲ. ರಿವೆಟ್ ಅನ್ನೋ ಹೊಸ ಹುಡುಗಿ ಬಂದಿದ್ದಾಳೆ, ಬೇರೆ ಲೋಕದ ರ್ಯಾಚೆಟ್ ಅಂದುಕೊಳ್ಳಿ. ಇಷ್ಟು ವರ್ಷದ ನಾಯಕನಿಗಿಂತ ಅವಳೇ ನನಗೆ ಹಿಡಿಸಿದಳು.

ಕೊರತೆಯೂ ಇದೆ, ಅದನ್ನೂ ತಿಳಿದೇ ದುಡ್ಡು ಹಾಕಿ. ಟ್ರೈಲರ್ ನೋಡಿದರೆ ಎಲ್ಲಿ ಬೇಕೋ ಅಲ್ಲಿ ಲೋಕದಿಂದ ಲೋಕಕ್ಕೆ ಜಿಗಿಯಬಹುದು ಅನ್ನಿಸುತ್ತದೆ. ಹಾಗಿಲ್ಲ. ಹೊಡೆದಾಟದಲ್ಲಿ ಸಿಗುವ ಬಿರುಕುಗಳು ಅವರು ಇಟ್ಟ ಜಾಗದಲ್ಲೇ ಇರುತ್ತವೆ, ಹಿಡಿದು ಎಳೆದರೆ ಅದೇ ಮೈದಾನದ ಆ ಬದಿಗೆ ಬರುತ್ತೀರಿ, ಅಷ್ಟೇ. ಲೋಕ ಪೂರ್ತಿ ಬದಲಾಗುವುದು ಕತೆಯ ಕೆಲವು ಕಡೆ ಮಾತ್ರ. ದೊಡ್ಡ ರಾಕ್ಷಸರನ್ನು ಒಮ್ಮೆ ಸೋಲಿಸಿದರೆ ಸ್ವಲ್ಪ ಹೊತ್ತಿಗೆ ಅದೇ ಜಾತಿಯವನು ಇನ್ನೊಂದು ಕಡೆ ಬಂದು ನಿಲ್ಲುತ್ತಾನೆ. ಕತೆ ಹತ್ತು ಹನ್ನೆರಡು ಗಂಟೆಯಲ್ಲಿ ಮುಗಿಯುತ್ತದೆ, ಪೂರ್ತಿ ಬೆಲೆಗೆ ಇದು ಕಡಿಮೆ ಅಂತಲೇ ನನ್ನ ಲೆಕ್ಕ. ಗ್ಲಿಚ್ ಅನ್ನೋ ಜೇಡದಂಥ ಪುಟ್ಟ ರೋಬೋ ಕಂಪ್ಯೂಟರ್ ಒಳಗೆ ಹೋಗಿ ವೈರಸ್ ಸುಡುವ ಭಾಗ ಎರಡನೇ ಸಲಕ್ಕೇ ಬೇಜಾರು ತರಿಸಿತು.

ಆಮೇಲೆ ಬ್ಲಿಝಾರ್ ಪ್ರೈಮ್ ಬಂತು. ಒಂದು ಲೋಕದಲ್ಲಿ ಆ ಗ್ರಹ ಒಡೆದು ಚೂರುಚೂರಾಗಿ ತೇಲುತ್ತಿರುತ್ತದೆ, ಇನ್ನೊಂದು ಲೋಕದಲ್ಲಿ ಅದೇ ಜಾಗದಲ್ಲಿ ಗಣಿ ಗಿಜಿಗಿಜಿ ಅಂತ ನಡೆದಿರುತ್ತದೆ. ಹೊಳೆಯುವ ಹರಳಿಗೆ ಒಂದು ಏಟು ಕೊಟ್ಟರೆ ಅದು ಇದಾಗಬೇಕು, ಕಣ್ಣು ಮಿಟುಕಿಸುವಷ್ಟರಲ್ಲಿ. ನಾನು ಏಟು ಕೊಟ್ಟೆ. ಸುತ್ತಿಗೆ ಹರಳಿಗೆ ತಾಗಿದಲ್ಲೇ ಅಂಟಿಕೊಂಡಿತು. ಫ್ಯಾನ್ ಸದ್ದು, ಪರದೆ ಅಲ್ಲಾಡಲಿಲ್ಲ, ಆಮೇಲೆ ಗೇಮೇ ಮಾಯವಾಗಿ ಡೆಸ್ಕ್‌ಟಾಪ್‌ನಲ್ಲಿ ಮಗಳ ಫೋಟೋ ಕಂಡಿತು. ಸ್ಟೀಮ್‌ನಲ್ಲಿ ಫೈಲ್ ಪರೀಕ್ಷೆ ಮಾಡಿಸಿದೆ. ಕೆಟ್ಟ ಫೈಲ್‌ಗಳನ್ನು ಮತ್ತೆ ಇಳಿಸಿಕೊಂಡಿತು. ಮತ್ತೆ ಪರೀಕ್ಷೆ ಮಾಡಿದರೆ ಮತ್ತೆ ಕೆಟ್ಟಿವೆ, ಈ ಸಲ ಬೇರೆ ಫೈಲ್‌ಗಳು. ಅಷ್ಟೊತ್ತಿಗೆ ಆಟದ ಗಡಿಯಾರ ನಾಲ್ಕು ಗಂಟೆ ದಾಟಿತ್ತು.

ಎಚ್2ಟೆಸ್ಟ್‌ಡಬ್ಲ್ಯೂ ಅಂತ ಒಂದು ಚಿಕ್ಕ ಉಚಿತ ಪ್ರೋಗ್ರಾಂ ಇದೆ. ಡಿಸ್ಕ್ ತುಂಬುವವರೆಗೆ ಬರೆದು, ಬರೆದದ್ದನ್ನೇ ಓದಿ ತಾಳೆ ನೋಡುತ್ತದೆ. ಡಿಸ್ಕ್ ಖಾಲಿ ಮಾಡಿ ಓಡಿಸಿದೆ. ಮೊದಲು ಸರಿ ಇದ್ದ ವೇಗ ಸ್ವಲ್ಪ ಹೊತ್ತಿಗೆ ಸೆಕೆಂಡಿಗೆ ಏಳೆಂಟು ಎಂಬಿಗೆ ಕುಸಿಯಿತು. ಹೀಗೇ ಹೋದರೆ ಒಂದೂವರೆ ದಿನ ಬೇಕು, ಹಾಗಾಗಿ 100 ಜಿಬಿ ಬರೆಯಿಸಿ ನಿಲ್ಲಿಸಿ ಓದಿಸಿದೆ. ಸರಿಯಾಗಿ ವಾಪಸ್ ಬಂದದ್ದು ಸುಮಾರು 58 ಜಿಬಿ. ಉಳಿದದ್ದು ಕಸ. 75 ಜಿಬಿ ಕೇಳುವ ಗೇಮನ್ನು ನಾನು 58ರ ಡಬ್ಬಿಯಲ್ಲಿ ತುರುಕಿದ್ದೆ.

ತಡೆಯಲಾರದೆ ಡಬ್ಬಿ ಬಿಚ್ಚಿದೆ. ಸ್ಕ್ರೂ ಕೂಡ ಇರಲಿಲ್ಲ, ಉಗುರಲ್ಲೇ ಬಂತು. ಒಳಗೆ ಹೆಬ್ಬೆರಳಿನಷ್ಟು ಒಂದು ಬೋರ್ಡ್, ಅದರ ಮೇಲೆ ಬಿಳಿ ಅಂಟು ಹಾಕಿ ಕೂರಿಸಿದ ಒಂದು ಮೆಮೊರಿ ಕಾರ್ಡ್. ನಾವು ಫೋನಿಗೆ ಹಾಕುತ್ತೇವಲ್ಲ, ಅದೇ. 1 ಟಿಬಿ ಅಂತ ಕಂಪ್ಯೂಟರಿಗೆ ಸುಳ್ಳು ಹೇಳುವಂತೆ ಅದಕ್ಕೆ ಕಲಿಸಿಟ್ಟಿದ್ದಾರೆ. ಆ ಕಾರ್ಡಿನ ನಿಜವಾದ ಜಾಗ ತುಂಬಿದ ಮೇಲೂ ಬರೆದೆ ಅನ್ನುತ್ತದೆ, ಆದರೆ ಬರೆದಿರುವುದಿಲ್ಲ. ಗೇಮ್ ಹೋಗಲಿ ಬಿಡಿ, ಅದರಲ್ಲಿ ಮಗಳ ಫೋಟೋ ಎಲ್ಲ ತುಂಬಿಸಿ ಹಳೇದನ್ನು ಅಳಿಸಿದ್ದರೆ?

ಆಮೇಲೆ ಗೆಳೆಯನ ಹತ್ತಿರವಿದ್ದ ಸಾದಾ ಸಾಟಾ ಎಸ್‌ಎಸ್‌ಡಿ ತಂದು ಅದೇ ಕಂಪ್ಯೂಟರಿಗೆ ಹಾಕಿದೆ. ಸೆಟ್ಟಿಂಗ್ಸ್ ಎಲ್ಲ ಕಡಿಮೆ ಇಟ್ಟೆ. ಹರಳಿಗೆ ಹೊಡೆದರೆ ಒಂದು ಸಣ್ಣ ತಡವರಿಕೆ, ಲೋಕ ಬದಲು. ಅಂದರೆ ಗೇಮಿನ ತಪ್ಪು ಇರಲಿಲ್ಲ, ಗ್ರಾಫಿಕ್ಸ್ ಕಾರ್ಡಿನದೂ ಇರಲಿಲ್ಲ.

ಇನ್ನೊಂದು ಮಾತು, ಇದು ಬೀದರ್‌ನಲ್ಲಿರುವ ಅಕ್ಕನ ಮಗನದು. ಅವನ ಹತ್ತಿರ ಪಿಎಸ್4 ಇದೆ. “ಹೊಸ ರ್ಯಾಚೆಟ್” ಅಂತ ಯಾರೋ ಸೆಕೆಂಡ್ ಹ್ಯಾಂಡ್ ಡಿಸ್ಕ್ ಮಾರಿದ್ದಾರೆ. ಅರ್ಧ ಆಡಿ ಫೋನ್ ಮಾಡಿದ: “ಮಾಮಾ, ಇದರಾಗ ರಿವೆಟ್ ಯಾವಾಗ ಬರತಾಳ?” ಬರುವುದೇ ಇಲ್ಲಪ್ಪಾ, ಅದು 2016ರ ಗೇಮ್ ಅಂದೆ. ರಿಫ್ಟ್ ಅಪಾರ್ಟ್ ಪಿಎಸ್4ಗೆ ಬಂದೇ ಇಲ್ಲ. ಹಳೇ ಗೇಮೂ ಚೆನ್ನಾಗಿದೆ, ಆದರೆ ಹೊಸದರ ಬೆಲೆ ಕೊಡಬೇಡಿ.

ಎಸ್‌ಎಸ್‌ಡಿ ಕೊಳ್ಳುವವರು ಕೈಯಲ್ಲಿ ಹಿಡಿದು ತೂಕ ನೋಡಿದರೆ ಸಾಲದು, ವಿಂಡೋಸ್ ತೋರಿಸುವ ಸೈಜ್ ನಂಬಿದರೂ ಸಾಲದು. ಏನನ್ನೂ ತುಂಬುವ ಮೊದಲು ಬರೆದು ಓದುವ ಪರೀಕ್ಷೆ ಮಾಡಿ. ಬಿಲ್ ಬಿಡಬೇಡಿ. ಬಿಲ್ ಕೊಡದೇ ಇರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ, ಅದನ್ನು ಅಂಗಡಿಯವನ ಮುಖಕ್ಕೇ ಹೇಳಬಹುದು. ಗ್ರಾಹಕ ಸಹಾಯವಾಣಿ 1915. ನಾನೂ ಫೋನ್ ಮಾಡಿ ದೂರು ಬರೆಸಿದ್ದೇನೆ. ಪುರಾವೆ ಅಂತ ನನ್ನ ಹತ್ತಿರ ಇರುವುದು ದುಡ್ಡು ಹಾಕಿದ ಒಂದು ಸ್ಕ್ರೀನ್‌ಶಾಟ್, ಅದರಲ್ಲಿ ವಸ್ತುವಿನ ಹೆಸರೂ ಇಲ್ಲ, ಅಂಗಡಿಯ ಹೆಸರೂ ಇಲ್ಲ.

ಬಿಚ್ಚಿದ ಡಬ್ಬಿ ಹಿಡಿದು ಅಂಗಡಿಗೂ ಹೋಗಿದ್ದೆ. “ನೀವೇ ಒಡದೀರಿ, ಈಗ ನಾ ಏನ್ ಮಾಡ್ಲಿ ಸರ್?” ಅಂದ. ಗಾಜಿನ ಕಪಾಟಿನಲ್ಲಿ ಅವೇ ನೀಲಿ ಡಬ್ಬಿ ಇನ್ನೂ ನಾಲ್ಕು ಇದ್ದವು. ಕಾಲೇಜು ಬ್ಯಾಗ್ ಹಾಕಿಕೊಂಡ ಹುಡುಗನೊಬ್ಬ ಒಂದನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡುತ್ತಿದ್ದ. ನನ್ನ ಕೈಯಲ್ಲಿದ್ದ ಬಿಚ್ಚಿದ ಡಬ್ಬಿಯನ್ನು ಅವನ ಮುಂದೆ ಹಿಡಿದೆ.