ತೂಕ ಬೇಗ ಇಳಿಸಿ ಬಾಡೂಟಕ್ಕೆ ಕೂರುವ ಮುನ್ನ ಇದನ್ನೊಮ್ಮೆ ಓದಿ

ಮದುವೆ ಗೊತ್ತಾದ ಕೂಡಲೇ ತೂಕ ಇಳಿಸೋಕೆ ಹೊರಡುವ ಹುಡುಗ ಹುಡುಗಿಯರು, ಅವರ ಮನೆಯವರು ದಯವಿಟ್ಟು ಇದನ್ನು ಓದಿ. ನನ್ನ ತಮ್ಮನಿಗೆ ಆದದ್ದನ್ನು ಅವನ ಒಪ್ಪಿಗೆ ತಗೊಂಡೇ ಬರೆಯುತ್ತಿದ್ದೇನೆ. ಎಣ್ಣೆ, ತುಪ್ಪ ಪೂರ್ತಿ ಬಿಟ್ಟವರು ಒಂದು ದಿನ ಚೆನ್ನಾಗಿ ತಿಂದರೆ ಏನಾಗುತ್ತೆ? ಹೊಟ್ಟೆ ಉಬ್ಬರಿಸುತ್ತೆ, ಭೇದಿ ಆಗುತ್ತೆ, ಎರಡು ದಿನಕ್ಕೆ ಸರಿ ಹೋಗುತ್ತೆ ಅಂತಾರೆ ಜನ. ಬಹಳಷ್ಟು ಸಲ ಅಷ್ಟೇ. ನನ್ನ ತಮ್ಮ ಮಾತ್ರ ಮದುವೆಯಾದ ಹೊಸದರಲ್ಲೇ ಆಸ್ಪತ್ರೆ ಸೇರಿ, ಕಲ್ಲು ತುಂಬಿದ್ದ ಪಿತ್ತಕೋಶ (ಗಾಲ್ ಬ್ಲಾಡರ್) ತೆಗೆಸಿಕೊಂಡು ಮನೆಗೆ ಬಂದ.

ಅವನಿಗೆ ಬೆಂಗಳೂರಿನಲ್ಲಿ ಕಂಪ್ಯೂಟರ್ ಮುಂದೆ ಕೂರುವ ಕೆಲಸ. ತೂಕ ತೊಂಬತ್ತು ದಾಟಿತ್ತು. ನಿಶ್ಚಿತಾರ್ಥದ ಫೋಟೊ ನೋಡಿ ಯಾರೋ ಏನೋ ಅಂದರು. ಅದೇ ನೆಪಕ್ಕೆ ಮನೆ ಹತ್ತಿರದ ಒಂದು ತೂಕ ಇಳಿಸುವ ಸೆಂಟರ್ ಸೇರಿದ. ಹೆಸರು ಬರೆಯುವುದಿಲ್ಲ. ಅಂಥವು ಈಗ ಬೀದಿಗೊಂದು ಇವೆ.

ಬೆಳಿಗ್ಗೆ ನೀರಿಗೆ ಕಲಸಿದ ಪುಡಿ. ಮಧ್ಯಾಹ್ನ ಸೌತೆಕಾಯಿ, ಬೇಯಿಸಿದ ಮೊಟ್ಟೆಯ ಬಿಳಿ ಭಾಗ. ಹಳದಿ ಭಾಗ ತೆಗೆದು ಬಿಸಾಕಬೇಕು. ರಾತ್ರಿ ಮತ್ತೆ ಪುಡಿ. ಒಗ್ಗರಣೆಗೂ ಒಂದು ಹನಿ ಎಣ್ಣೆ ಇಲ್ಲ. ಲೆಕ್ಕ ಹಾಕಿದರೆ ದಿನಕ್ಕೆ 700 ಕ್ಯಾಲೊರಿ ಆಗುತ್ತಿದ್ದರೆ ಹೆಚ್ಚು. ಅವನ ಹಾಗೆ ಕೂತು ಕೆಲಸ ಮಾಡುವ ಗಂಡಸಿಗೆ ಸುಮಾರು 2100 ಕ್ಯಾಲೊರಿ ಬೇಕು ಅನ್ನುತ್ತದೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ. ತೂಕ ಇಳಿಸುವವರೂ 1000ಕ್ಕಿಂತ ಕೆಳಗೆ ಹೋಗಬಾರದು, ವಾರಕ್ಕೆ ಅರ್ಧ ಕೆಜಿ ಇಳಿದರೆ ಸಾಕು ಅನ್ನುವುದೂ ಅದೇ ಸಂಸ್ಥೆಯ ಮಾತು. ಇವನದು ವಾರಕ್ಕೆ ಎರಡು ಕೆಜಿಗೂ ಜಾಸ್ತಿ ಇಳಿಯುತ್ತಿತ್ತು.

ಇದಕ್ಕೊಂದು ವಾಟ್ಸಾಪ್ ಗುಂಪು ಬೇರೆ. ದಿನಾ ಬೆಳಿಗ್ಗೆ ತೂಕದ ಮಷೀನ್ ಮೇಲೆ ನಿಂತು ಫೋಟೊ ತೆಗೆದು ಹಾಕಬೇಕು. ಎರಡು ಹೆಬ್ಬೆರಳುಗಳ ಮಧ್ಯೆ ಅಂಕಿ, ಕೆಳಗೆ ಸಾಲಾಗಿ ಚಪ್ಪಾಳೆ ಚಿತ್ರಗಳು. ಅಂಕಿ ಇಳಿಯದಿದ್ದ ದಿನ ‘ನಿನ್ನೆ ಏನು ತಿಂದ್ರಿ ಸರ್?’ ಅಂತ ಕೋಚ್ ಎಲ್ಲರ ಮುಂದೆಯೇ ಕೇಳುತ್ತಿದ್ದರು. ಆ ಕೋಚ್ ಡಾಕ್ಟರೂ ಅಲ್ಲ, ಡಯೆಟಿಷಿಯನ್ನೂ ಅಲ್ಲ. ತಾವೂ ಅಲ್ಲೇ ತೂಕ ಇಳಿಸಿಕೊಂಡು, ಆಮೇಲೆ ಪುಡಿ ಮಾರೋಕೆ ಶುರು ಮಾಡಿದವರು.

ಮದುವೆ ಹೊತ್ತಿಗೆ ಹುಡುಗ ತೆಳ್ಳಗಾದ, ನಿಜ. ಹೊಲಿಸಿದ ಕೋಟನ್ನು ಟೈಲರ್ ಹತ್ತಿರ ಮತ್ತೆ ಹಿಡಿಸಬೇಕಾಯಿತು. ಮದುವೆ ಊಟದಲ್ಲಿ ಎಲೆ ತುದಿಯ ಕೋಸಂಬರಿ, ಪಲ್ಯ ತಿಂದು ಎದ್ದ. ಆದರೆ ಬೀಗರೂಟ ತಪ್ಪಿಸಿಕೊಳ್ಳೋಕೆ ಆಗುತ್ತಾ? ನಮ್ಮದು ಮಂಡ್ಯ ಸೀಮೆ. ಮುದ್ದೆ, ಬೋಟಿ ಗೊಜ್ಜು, ಕೈಮಾ ಉಂಡೆ, ತಲೆಮಾಂಸ, ಚಾಪ್ಸ್, ಆಮೇಲೆ ಬಿರಿಯಾನಿ. ಸಾರಿನ ಮೇಲೆ ಬೆರಳು ದಪ್ಪ ಕೊಬ್ಬು ಕೆಂಪಗೆ ತೇಲುತ್ತಿತ್ತು. ಹೊಸ ಅಳಿಯ ಬೇರೆ. ಬಡಿಸೋಕೆ ಬಂದವರೆಲ್ಲ ಎಲೆ ಮುಂದೆ ನಿಂತು ಬಿಡೋರು. “ಇನ್ನೆರಡು ಪೀಸ್ ಹಾಕುಸ್ಕಳಿ ಅಳಿಯಂದ್ರೇ, ಗಾಳಿ ಬೀಸುದ್ರೆ ತೂರೋಯ್ತೀರ” ಅಂತ ಅವನ ಹೆಂಡತಿಯ ದೊಡ್ಡಪ್ಪ ತಾವೇ ಸೌಟು ಹಿಡಿದು ಬಂದರು. ಅವನೂ ತಿಂದ. ತಿಂಗಳುಗಟ್ಟಲೆ ಸೌತೆಕಾಯಿ ತಿಂದವನು ತಿನ್ನದೆ ಇರ್ತಾನಾ?

ಸಂಜೆ ಕತ್ತಲಾಗುತ್ತಾ ಬಂದಾಗ ಎದೆಗೂಡಿನ ಕೆಳಗೆ, ಬಲಗಡೆಗೆ ನೋವು ಶುರುವಾಯಿತು. ಹಿಡಿದು ಬಿಟ್ಟು ಬರುವ ಹೊಟ್ಟೆನೋವಲ್ಲ. ಏರುತ್ತಾ ಹೋಗಿ ಒಂದು ಮಟ್ಟಕ್ಕೆ ನಿಂತಿತು, ಇಳಿಯಲೇ ಇಲ್ಲ. ಬಲ ಹೆಗಲ ಮೂಳೆ ಕೆಳಗೂ ಎಳೆತ. ಮಲಗಿದರೆ ಆಗದು, ಕೂತರೆ ಆಗದು. ಬನಿಯನ್ ಬೆವರಿಗೆ ಒದ್ದೆಯಾಗಿತ್ತು. “ತಡ್ಕಳಕ್ಕಾಯ್ತಿಲ್ಲ ಕಣಕ್ಕ” ಅಂತ ನನ್ನ ಕೈ ಹಿಡಿದುಕೊಂಡ. ಮನೆ ತುಂಬ ನೆಂಟರು, ಎಲ್ಲರದೂ ಒಂದೊಂದು ಔಷಧಿ. ಒಬ್ಬರು ಓಮದ ಕಾಳು ಅಗಿ ಅಂದರು. ಇನ್ನೊಬ್ಬರು ಸೋಡಾ ತರಿಸಿದರು. ಯಾರದೋ ಬ್ಯಾಗಿನಿಂದ ಗ್ಯಾಸ್ ಮಾತ್ರೆ ಬಂತು. ಅತ್ತೆಯೊಬ್ಬರು ಮದುಮಗನಿಗೆ ದೃಷ್ಟಿ ತಾಕಿದೆ ಅಂತ ಉಪ್ಪು, ಒಣಮೆಣಸಿನಕಾಯಿ ನೀವಾಳಿಸಿ ಒಲೆಗೆ ಹಾಕಿದರು. ಘಾಟಿಗೆ ಮನೆಯವರೆಲ್ಲ ಕೆಮ್ಮಿದ್ದಷ್ಟೇ ಬಂತು. ಬೆಳಗಿನ ಜಾವಕ್ಕೆ ನೋವು ತಾನಾಗೇ ಇಳಿಯಿತು. ‘ಗ್ಯಾಸೇ ಕಣಪ್ಪ’ ಅಂತ ತೀರ್ಮಾನ ಆಯಿತು.

ಇದೇ ನೋಡಿ ಮೋಸ ಮಾಡುವ ಜಾಗ. ಆ ನೋವು ಮಾತ್ರೆಯಿಂದಲೋ, ದೃಷ್ಟಿ ತೆಗೆದದ್ದರಿಂದಲೋ ಹೋದದ್ದಲ್ಲ. ಪಿತ್ತಕೋಶದ ಬಾಯಲ್ಲಿ ಸಿಕ್ಕಿಕೊಂಡಿದ್ದ ಕಲ್ಲು ಸರಿದು ವಾಪಸ್ ಒಳಗೆ ಬಿದ್ದರೆ ನೋವು ಹೀಗೇ ಕೆಲವು ಗಂಟೆಗಳಲ್ಲಿ ನಿಲ್ಲುತ್ತದಂತೆ. ಕಲ್ಲು ಮಾತ್ರ ಅಲ್ಲೇ ಇರುತ್ತದೆ.

ಕೋಚ್‌ಗೆ ಅವನು ಮೆಸೇಜ್ ಹಾಕಿದ್ದ. ಬಂದ ಉತ್ತರ: ‘ದೇಹ ಟಾಕ್ಸಿನ್ ಹೊರಗೆ ಹಾಕ್ತಿದೆ ಸರ್. ಎರಡು ದಿನ ಬರೀ ಪುಡಿ ಕುಡೀರಿ.’

ಹೊಸ ಜೋಡಿಯನ್ನು ಊಟಕ್ಕೆ ಕರೆಯುವ ಸರದಿ ನಡೀತಾ ಇತ್ತು. ಒಂದು ಮನೆಯಲ್ಲಿ ಹೋಳಿಗೆ. ಮೇಲೆ ಬಟ್ಟಲಲ್ಲಿ ಕಾಯಿಸಿದ ತುಪ್ಪ. ಆ ರಾತ್ರಿ ಬಂದ ನೋವಿನ ಮುಂದೆ ಮೊದಲನೆಯದು ಏನೂ ಅಲ್ಲ. ಹೊಟ್ಟೆಯ ನಡುವಿನಿಂದ ನೇರವಾಗಿ ಬೆನ್ನಿಗೆ ಕೊರೆಯುವ ನೋವು, ನಿಲ್ಲದ ವಾಂತಿ. ಮುಂದಕ್ಕೆ ಬಗ್ಗಿ ದಿಂಬು ಅವುಚಿಕೊಂಡು ಕೂತರೆ ಮಾತ್ರ ಒಂದಿಷ್ಟು ತಡೆಯಬಹುದಿತ್ತು. ಕಾರಿನಲ್ಲಿ ಹಾಗೇ ಕೂರಿಸಿಕೊಂಡು ಮೈಸೂರಿಗೆ ಓಡಿದೆವು.

ಅಲ್ಲಿ ಮೊದಲು ಇಸಿಜಿ ಮಾಡಿದರು. ಮೇಲ್ಹೊಟ್ಟೆ ನೋವು ಹೃದಯದ್ದೂ ಆಗಿರಬಹುದು, ಅದಕ್ಕೆ. ಆಮೇಲೆ ಡಾಕ್ಟರ್ ಬಲಪಕ್ಕೆಲುಬಿನ ಕೆಳಗೆ ಬೆರಳು ಒತ್ತಿ ಹಿಡಿದು ‘ಉಸಿರು ಎಳ್ಕೊಳ್ಳಿ’ ಅಂದರು. ಅರ್ಧ ಉಸಿರಿಗೇ ಅವನು ತಡೆದು ನಿಂತುಬಿಟ್ಟ. ರಕ್ತದಲ್ಲಿ ಲೈಪೇಸ್ ಅನ್ನುವ, ಕೊಬ್ಬು ಕರಗಿಸುವ ಜೀರ್ಣರಸದ ಅಂಶ ಎಷ್ಟಿದೆ ನೋಡಿದರು. ಅದು ಮಾಮೂಲಿಗಿಂತ ಮೂರು ಪಟ್ಟು ಮೀರಿದರೆ, ಇಂಥ ನೋವೂ ಇದ್ದರೆ, ಮೇದೋಜೀರಕ ಗ್ರಂಥಿಗೆ (ಪ್ಯಾಂಕ್ರಿಯಾಸ್) ಊತ ಬಂದಿದೆ ಅಂತ ಲೆಕ್ಕ. ಅವನದು ಎಷ್ಟೋ ಪಟ್ಟು ಮೀರಿತ್ತು. ಸ್ಕ್ಯಾನಿನಲ್ಲಿ ಪಿತ್ತಕೋಶದ ತುಂಬ ಸಣ್ಣ ಸಣ್ಣ ಕಲ್ಲುಗಳು. ಬಾಯಿಗೆ ಏನೂ ಕೊಡದೆ ಡ್ರಿಪ್ ಹಾಕಿ, ನೋವಿನ ಇಂಜೆಕ್ಷನ್ ಕೊಟ್ಟು ಮಲಗಿಸಿದರು. ಊತ ಇಳಿದ ಮೇಲೆ ಮನೆಗೆ ಕಳಿಸದೆ ಅಲ್ಲೇ ಲ್ಯಾಪರೋಸ್ಕೋಪಿಯಲ್ಲಿ ಪಿತ್ತಕೋಶ ತೆಗೆದರು. ಹಾಗೇ ಬಿಟ್ಟರೆ ಮತ್ತೆ ಬರುವ ಸಾಧ್ಯತೆ ಜಾಸ್ತಿ ಅಂತೆ. ಕಲ್ಲುಗಳನ್ನು ಒಂದು ಪುಟ್ಟ ಡಬ್ಬಿಯಲ್ಲಿ ಹಾಕಿ ಕೊಟ್ಟರು. ಹಳದಿಗೆ ತಿರುಗಿದ ಕಂದು ಬಣ್ಣ, ಎರಡು ಮೂರು ಮಿಲಿಮೀಟರ್‌ಗಿಂತ ದೊಡ್ಡದು ಒಂದೂ ಇರಲಿಲ್ಲ.

ಸಣ್ಣವು ಅಂತ ಸಮಾಧಾನ ಪಡುವ ಹಾಗಿಲ್ಲ. ಸಣ್ಣ ಕಲ್ಲೇ ನಾಳದೊಳಗೆ ಜಾರಿಕೊಂಡು ಹೋಗಿ, ಪಿತ್ತರಸವೂ ಮೇದೋಜೀರಕ ರಸವೂ ಕರುಳಿಗೆ ಬೀಳುವ ಬಾಯಿಯಲ್ಲಿ ಅಡ್ಡ ಕೂರುವುದು.

ಕಲ್ಲು ಮುಂಚೆಯೇ ಇತ್ತೇನೋ ಅಂತ ನಿಮಗೂ ಅನ್ನಿಸಬಹುದು. ಡಾಕ್ಟರೂ ಅದನ್ನೇ ಕೇಳಿದರು. ಹಿಂದಿನ ವರ್ಷ ಆಫೀಸಿನ ಹೆಲ್ತ್ ಚೆಕಪ್‌ನಲ್ಲಿ ಹೊಟ್ಟೆ ಸ್ಕ್ಯಾನ್ ಆಗಿತ್ತು. ಆ ರಿಪೋರ್ಟ್ ಅವನ ಫೋನಿನಲ್ಲೇ ಸಿಕ್ಕಿತು. ಪಿತ್ತಕೋಶ ನಾರ್ಮಲ್, ಕಲ್ಲಿಲ್ಲ. ಅದನ್ನು ನೋಡಿ ಅವರು ಕೇಳಿದ ಮುಂದಿನ ಪ್ರಶ್ನೆ: “ಇತ್ತೀಚೆಗೆ ತೂಕ ಇಳಿಸಿದ್ರಾ?”

ಆಗ ಅವರು ವಿವರಿಸಿದ್ದನ್ನು ನನಗೆ ತಿಳಿದ ಮಟ್ಟಿಗೆ ಹೇಳುತ್ತೇನೆ. ಪಿತ್ತಜನಕಾಂಗ (ಲಿವರ್) ದಿನವಿಡೀ ಪಿತ್ತರಸ ಮಾಡುತ್ತಲೇ ಇರುತ್ತದೆ. ಅದರಲ್ಲಿ ಒಂದು ಪಾಲು ಪಿತ್ತಕೋಶ ಅನ್ನುವ ಪುಟ್ಟ ಚೀಲಕ್ಕೆ ಹೋಗಿ ಗಟ್ಟಿಯಾಗುತ್ತದೆ. ಚೀಲ ಹಿಡಿಯುವುದೇ 30ರಿಂದ 50 ಮಿಲಿಲೀಟರ್. ಕೊಬ್ಬಿನ ಅಂಶ ಇರುವ ಊಟ ಸಣ್ಣ ಕರುಳಿಗೆ ಇಳಿದಾಗ ಕೊಲಿಸಿಸ್ಟೊಕೈನಿನ್ ಅನ್ನುವ ಹಾರ್ಮೋನು ಹೊರಡುತ್ತದೆ, ಚೀಲ ಹಿಂಡಿಕೊಂಡು ರಸ ಸುರಿಸುತ್ತದೆ. ದಿನಾ ಒಗ್ಗರಣೆಯ ಊಟ ಮಾಡುವವರಲ್ಲಿ ಚೀಲ ಹೀಗೆ ದಿನಾ ಖಾಲಿಯಾಗುತ್ತಿರುತ್ತದೆ. ಎಣ್ಣೆಯೇ ಇಲ್ಲದವರಲ್ಲಿ ಅದು ಸರಿಯಾಗಿ ಹಿಂಡಿಕೊಳ್ಳುವುದೇ ಇಲ್ಲ. ಇತ್ತ ಮೈಯಲ್ಲಿರುವ ಕೊಬ್ಬು ಸರಸರ ಕರಗುವಾಗ ಪಿತ್ತಜನಕಾಂಗ ಮಾಮೂಲಿಗಿಂತ ಹೆಚ್ಚು ಕೊಲೆಸ್ಟ್ರಾಲನ್ನು ಪಿತ್ತರಸಕ್ಕೆ ಬಿಡುತ್ತದೆ. ಕೊಲೆಸ್ಟ್ರಾಲ್ ಜಾಸ್ತಿ, ಅಲುಗಾಟ ಕಮ್ಮಿ. ನಿಂತ ನೀರಿನ ತಳದಲ್ಲಿ ಕೂರುವ ಹಾಗೆ ಮೊದಲು ಗಸಿ ಕೂರುತ್ತದೆ, ಆಮೇಲೆ ಹರಳಾಗುತ್ತದೆ, ಆಮೇಲೆ ಕಲ್ಲು. ಇದಕ್ಕೆ ವರ್ಷಗಟ್ಟಲೆ ಬೇಡ, ಕೆಲವು ವಾರ ಸಾಕು. ದಿನಕ್ಕೆ 800 ಕ್ಯಾಲೊರಿಗಿಂತ ಕಮ್ಮಿ ತಿಂದು ತೂಕ ಇಳಿಸಿದ ನೂರು ಜನರಲ್ಲಿ 10ರಿಂದ 25 ಮಂದಿಗೆ ಹೀಗೆ ಕಲ್ಲಾದದ್ದು ಅಧ್ಯಯನಗಳಲ್ಲಿ ಕಂಡಿದೆ. ವಾರಕ್ಕೆ ಒಂದೂವರೆ ಕೆಜಿಗಿಂತ ಜಾಸ್ತಿ ಇಳಿಸುವವರಿಗೆ ಅಪಾಯ ಏರುತ್ತಾ ಹೋಗುತ್ತದೆ.

ಹೀಗೆ ಕಲ್ಲಾದವರಲ್ಲಿ ಸುಮಾರು ಜನರಿಗೆ ಅದು ಇರುವುದೇ ಗೊತ್ತಾಗುವುದಿಲ್ಲ. ಒಂದು ದಿನ ಮಟನ್, ತುಪ್ಪ ಒಳಗೆ ಹೋಗುತ್ತದೆ. ಅಷ್ಟು ದಿನ ಸುಮ್ನೆ ಇದ್ದ ಚೀಲ ಜೋರಾಗಿ ಹಿಂಡಿಕೊಳ್ಳುತ್ತದೆ. ಕಲ್ಲು ಚೀಲದ ಬಾಯಿಗೆ ಬಂದು ಸಿಕ್ಕಿಕೊಳ್ಳುತ್ತದೆ. ನೋವು ಬೀಗರೂಟದ ದಿನ ಬಂತು ಅಂತ ಬಾಡಿನ ಮೇಲೆ ತಪ್ಪು ಹಾಕಿದ್ದೇ ಹಾಕಿದ್ದು. ಕಲ್ಲು ಮಾಡಿಟ್ಟದ್ದು ಮಾತ್ರ ಆ ಸೌತೆಕಾಯಿ, ಪುಡಿಯ ತಿಂಗಳುಗಳು.

ಸೆಂಟರಿನವರನ್ನು ಕೇಳೋಕೆ ನಾನೇ ಹೋದೆ. ಡಿಸ್ಚಾರ್ಜ್ ಪತ್ರವನ್ನು ತಿರುಗಿಸಿ ಮುರುಗಿಸಿ ನೋಡಿ, “ಮೇಡಂ, ಅವ್ರು ಮಟನ್ ತಿಂದಿದ್ದಾರೆ, ನಮ್ ಪ್ಲಾನಿನಲ್ಲಿ ಮಟನ್ ಇಲ್ವಲ್ಲ” ಅಂದರು. ಸೇರಿಸಿಕೊಳ್ಳುವಾಗ ಒಂದು ರಕ್ತಪರೀಕ್ಷೆಯನ್ನೂ ಮಾಡಿಸಿರಲಿಲ್ಲ. ಮನೆಯಲ್ಲಿ ಯಾರಿಗಾದರೂ ಪಿತ್ತಕೋಶದ ಕಲ್ಲಿತ್ತಾ ಅಂತಲೂ ಕೇಳಿರಲಿಲ್ಲ. ನಮ್ಮ ಅಮ್ಮನಿಗೆ ಇತ್ತು. ಹೆಂಗಸರಿಗೆ, ಅದರಲ್ಲೂ ಬಸುರಿ ಬಾಣಂತಿಯರಿಗೆ, ಗರ್ಭನಿರೋಧಕ ಮಾತ್ರೆ ತಗೊಳ್ಳುವವರಿಗೆ ಈ ಕಲ್ಲಿನ ಕಾಟ ಇನ್ನೂ ಜಾಸ್ತಿ. ಹೆರಿಗೆಯಾದ ಮೇಲೆ ತೂಕ ಇಳಿಸೋಕೆ ಇಂಥ ಕಡೆ ಸೇರುವವರು ಇದನ್ನು ಗಮನಿಸಿ.

ಊಟವಾದ ಒಂದೆರಡು ಗಂಟೆಗೋ ರಾತ್ರಿಯೋ, ಮೇಲ್ಹೊಟ್ಟೆಯಲ್ಲಿ ಬಲಗಡೆಗೆ ಅರ್ಧ ಗಂಟೆ ಮೀರಿ ಒಂದೇ ಸಮನೆ ನೋವಿದ್ದರೆ, ತೇಗು ಬಂದರೂ ಹೂಸು ಹೋದರೂ ಇಳಿಯದಿದ್ದರೆ, ಅದನ್ನು ಗ್ಯಾಸ್ ಅಂತ ಬಿಡಬೇಡಿ. ನೋವು ನಿಂತು ಹೋಗಿದ್ದರೂ ಒಂದು ಅಲ್ಟ್ರಾಸೌಂಡ್ ಮಾಡಿಸಿ. ಅದಕ್ಕೆ ಆರೆಂಟು ಗಂಟೆ ಖಾಲಿ ಹೊಟ್ಟೆಯಲ್ಲಿ ಹೋಗಬೇಕು, ಇಲ್ಲದಿದ್ದರೆ ಚೀಲ ಮುದುಡಿಕೊಂಡು ಸರಿಯಾಗಿ ಕಾಣಿಸುವುದಿಲ್ಲ. ತೂಕ ಬೇಗ ಇಳಿಸಿದ್ದೀರಿ ಅಂತ ಡಾಕ್ಟರಿಗೆ ನೀವಾಗಿಯೇ ಹೇಳಿ. ನೋವಿನ ಜೊತೆ ಚಳಿಜ್ವರ ಬಂದರೆ, ಕಣ್ಣು ಹಳದಿಯಾದರೆ, ಮೂತ್ರ ಕಡುಬಣ್ಣಕ್ಕೆ ತಿರುಗಿದರೆ, ವಾಂತಿ ನಿಲ್ಲದಿದ್ದರೆ ಬೆಳಗಾಗೋದನ್ನು ಕಾಯಬೇಡಿ.

ಮನೆಮದ್ದಿನ ಬಗ್ಗೆಯೂ ಹೇಳಿಬಿಡುತ್ತೇನೆ. ಕಲ್ಲು ಅಂದ ತಕ್ಷಣ ಬಾಳೆದಿಂಡಿನ ರಸ ಕುಡಿ ಅನ್ನುವವರು ಆಸ್ಪತ್ರೆ ವಾರ್ಡಿನಲ್ಲೂ ಸಿಕ್ಕರು. ಅದು ಮೂತ್ರಪಿಂಡದ ಕಲ್ಲಿಗೆ ಜನ ಮಾಡುವ ಮದ್ದು. ಇದು ಕೊಲೆಸ್ಟ್ರಾಲಿನ ಕಲ್ಲು, ಇರುವ ಜಾಗವೂ ಬೇರೆ, ದಾರಿಯೂ ಬೇರೆ. ಇನ್ನೊಂದು, ಬಟ್ಟಲುಗಟ್ಟಲೆ ಆಲಿವ್ ಎಣ್ಣೆಗೆ ನಿಂಬೆರಸ ಬೆರೆಸಿ ಕುಡಿದರೆ ಕಲ್ಲು ಉದುರುತ್ತದೆ ಅನ್ನುವ ವಿಡಿಯೋಗಳು. ಮಾರನೇ ದಿನ ಮಲದಲ್ಲಿ ಕಾಣುವ ಹಸಿರು ಉಂಡೆಗಳು ಕಲ್ಲಲ್ಲ. ಆ ಎಣ್ಣೆಯೇ ಹೊಟ್ಟೆಯಲ್ಲಿ ಸಾಬೂನಾಗಿ ಗಟ್ಟಿಯಾದದ್ದು. ಅಷ್ಟು ಎಣ್ಣೆ ಒಟ್ಟಿಗೆ ಕುಡಿದರೆ ಚೀಲ ಹೇಗೆ ಹಿಂಡಿಕೊಳ್ಳುತ್ತೆ ಅಂತ ಮೇಲೆ ಹೇಳಿದ್ದೇನಲ್ಲ, ಕಲ್ಲಿರುವವರು ಅದನ್ನು ಕುಡಿಯೋದು ನೋವನ್ನು ಕರೆದು ಕೂರಿಸಿದ ಹಾಗೆಯೇ.

ಈಗಾಗಲೇ ಇಂಥ ಪ್ಲಾನಿನಲ್ಲಿ ಇರುವವರು ಗಾಬರಿಯಾಗಿ ಇವತ್ತೇ ಬಿರಿಯಾನಿಗೆ ಕೂರಬೇಡಿ. ಮುಂದೆ ಬಾಡೂಟವೋ ಹಬ್ಬದೂಟವೋ ಇದ್ದರೆ ಅದಕ್ಕೆ ಮುಂಚೆ ಡಾಕ್ಟರನ್ನು ಕಂಡು ಒಂದು ಸ್ಕ್ಯಾನ್ ಮಾಡಿಸಿಕೊಳ್ಳಿ. ಕಲ್ಲಿಲ್ಲ ಅಂತ ಗೊತ್ತಾದರೆ ದಿನದ ಒಂದು ಊಟಕ್ಕಾದರೂ ಎರಡು ಟೀ ಚಮಚ ಎಣ್ಣೆಯೋ ತುಪ್ಪವೋ ಸೇರಲಿ. ಅಂದರೆ ಹತ್ತು ಗ್ರಾಂ ಆಸುಪಾಸು ಕೊಬ್ಬು, ಚೀಲ ಖಾಲಿಯಾಗೋಕೆ ಅಷ್ಟು ಸಾಕಾಗುತ್ತದೆ. ತೂಕ ಇಳಿಸುವ ಆಪರೇಷನ್ ಮಾಡಿಸಿಕೊಂಡವರಿಗೆ ಕಲ್ಲಾಗದಿರಲಿ ಅಂತ ಡಾಕ್ಟರುಗಳು ಅರ್ಸೋಡಿಆಕ್ಸಿಕೋಲಿಕ್ ಆಸಿಡ್ ಮಾತ್ರೆಯನ್ನು ಆರು ತಿಂಗಳು ಕೊಡುವುದುಂಟು. ಅದು ನಿಮಗೂ ಬೇಕಾ ಅಂತ ಅವರನ್ನೇ ಕೇಳಿ. ಅಂಗಡಿಯಿಂದ ತಂದು ನೀವಾಗಿ ನುಂಗಬೇಡಿ.

ಪಿತ್ತಕೋಶ ತೆಗೆಸಿದ ಮೇಲೆ ಜನ್ಮವಿಡೀ ಪಥ್ಯವಾ ಅಂತ ತುಂಬ ಜನ ನನ್ನನ್ನು ಕೇಳಿದ್ದಾರೆ. ಹಾಗೇನಿಲ್ಲ. ಪಿತ್ತರಸ ಚೀಲದಲ್ಲಿ ನಿಲ್ಲದೆ ನೇರವಾಗಿ ಕರುಳಿಗೆ ಹನಿಯುತ್ತಿರುತ್ತದೆ. ಮೊದಲ ಕೆಲವು ವಾರ ಜಿಡ್ಡಿನ ಊಟಕ್ಕೆ ಕೆಲವರಿಗೆ ಭೇದಿ ಆಗುತ್ತದೆ, ಬಹುಪಾಲು ಜನರಿಗೆ ಆಮೇಲೆ ಹೊಂದಿಕೊಳ್ಳುತ್ತದೆ. ತಮ್ಮನಿಗೆ ಶುರುವಿನಲ್ಲಿ ಒಂದು ದೋಸೆ ತಿಂದರೂ ಬಾತ್‌ರೂಮಿಗೆ ಓಡುವ ಹಾಗೆ ಆಗುತ್ತಿತ್ತು. ಸ್ವಲ್ಪ ಸ್ವಲ್ಪವಾಗಿ ಎಣ್ಣೆ ಹೆಚ್ಚಿಸಿಕೊಂಡು ಬಂದ. ಈಗ ಮನೆಯಲ್ಲಿ ಎಲ್ಲರಿಗೂ ಮಾಡುವ ಸಾರು, ಪಲ್ಯವನ್ನೇ ಉಣ್ಣುತ್ತಾನೆ. ಸಂಜೆ ಹೆಂಡತಿ ಜೊತೆ ನಡೆಯೋಕೆ ಹೋಗುತ್ತಾನೆ. ತೂಕ ತಿಂಗಳಿಗೆ ಒಂದು ಕೆಜಿ ಇಳಿದರೆ ಇಳಿಯಿತು, ಇಲ್ಲ ಅಂದರೆ ಇಲ್ಲ. ಆ ವಾಟ್ಸಾಪ್ ಗುಂಪಿನಿಂದ ಅವನನ್ನು ಅವರೇ ತೆಗೆದುಹಾಕಿದ್ದಾರೆ. ಆಸ್ಪತ್ರೆಯ ಹಾಸಿಗೆಯಿಂದ ಅವನು ಹಾಕಿದ್ದ ಸ್ಕ್ಯಾನ್ ರಿಪೋರ್ಟನ್ನೂ ಅಳಿಸಿದ್ದಾರೆ.