ಮೋಟರ್‌ಹೋಮ್ ಓಡಿಸೋರು ದಯವಿಟ್ಟು ಓದಿ: ಬಿಸಿ ಟೈರಿಂದ ಗಾಳಿ ಇಳಿಸ್ಬೇಡಿ, ಒಳಗಿನ ಟೈರ್ ತಾರೀಕು ನೋಡದೆ ಹೊರಡ್ಬೇಡಿ

ಕಳೆದ ವರ್ಷ ಜೂನ್‌ನಲ್ಲಿ ಕ್ಯಾಲಿಫೋರ್ನಿಯಾದ ಮೊಹಾವಿ ಮರುಭೂಮೀಲಿ, ಐ-40 ಹೈವೇಲಿ ಬಾರ್‌ಸ್ಟೋ ದಾಟಿ ನೀಡಲ್ಸ್ ಕಡೆ ಹೋಗ್ತಿರುವಾಗ ನಮ್ಮ ಮೋಟರ್‌ಹೋಮ್‌ನ (ಒಳಗೇ ಮಲಗೋ ಜಾಗ, ಅಡುಗೆಮನೆ ಇರೋ ಗಾಡಿ, ಆರ್‌ವಿ ಅಂತಲೂ ಅಂತಾರೆ) ಹಿಂದಿನ ಟೈರ್ ಸಿಡೀತು. ಗಾಡಿ ಒಳಗೆ ನಾನು, ನನ್ನ ಹೆಂಡತಿ, ಇಬ್ಬರು ಮಕ್ಕಳು, ದಾವಣಗೆರೆಯಿಂದ ಬಂದಿದ್ದ ಅಪ್ಪ ಅಮ್ಮ. ಯಾರಿಗೂ ಏನೂ ಆಗ್ಲಿಲ್ಲ. ಆದ್ರೆ ಆಗಬಹುದಿತ್ತು, ಮತ್ತೆ ಅದಕ್ಕೆ ಕಾರಣ ನಾನು ಅದಕ್ಕೂ ಒಂದೂವರೆ ಗಂಟೆ ಮುಂಚೆ ನನ್ನ ಕೈಯಾರೆ ಮಾಡಿದ ಕೆಲಸ, ಅದಕ್ಕೇ ಇದನ್ನ ಬರೀತಿದೀನಿ. ನನಗೆ ಗೊತ್ತಿರೋ ಕನ್ನಡದೋರಲ್ಲೇ ನಾಲ್ಕೈದು ಮನೆಯೋರು ಬೇಸಿಗೆ ರಜೆಗೆ ಆರ್‌ವಿ ತಗೊಂಡು ಹೊರಡೋರಿದ್ದಾರೆ.

ಗಾಡಿ 2010ರದ್ದು, ಫೋರ್ಡ್ ಇ-450 ಚಾಸಿ ಮೇಲೆ ಕಟ್ಟಿದ ಕ್ಲಾಸ್ ಸಿ (ಮುಂದೆ ವ್ಯಾನ್ ಮೂತಿ, ಹಿಂದೆ ಮನೆ) ಮಾದರಿ, ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಮುಂದೆ ಎರಡು ಟೈರ್, ಹಿಂದೆ ಲಾರಿ ತರ ಡಬಲ್ ಟೈರ್, ಅಂದ್ರೆ ಎರಡೂ ಬದೀಲಿ ಒಳಗೊಂದು ಹೊರಗೊಂದು, ಒಟ್ಟು ಆರು. ಹೊರಡೋಕೆ ಮುಂಚೆ ಒಂದು ಟೈರ್ ಅಂಗಡೀಲಿ ತೋರಿಸ್ದೆ, ಅವನು ಸುತ್ತ ಒಂದು ರೌಂಡ್ ಬಂದು ಬಟನ್ (ಟೈರ್ ಮೈಮೇಲಿನ ಅಚ್ಚು) ಎಲ್ಲಾ ಫುಲ್ ಇದೆ, ಇನ್ನೂ ಇಪ್ಪತ್ತು ಸಾವಿರ ಮೈಲಿ ಆರಾಮಾಗಿ ಬರುತ್ತೆ ಅಂದ, ನಾನು ನಂಬ್ದೆ. ಬೆಳಗ್ಗೆ ಮನೆ ಹತ್ರ ತಣ್ಣಗಿದ್ದಾಗ ಆರಕ್ಕೂ 80 ಪಿಎಸ್‌ಐ (ಗಾಳಿ ಒತ್ತಡದ ಅಳತೆ) ಹೊಡೆಸಿದ್ದೆ. ಅಲ್ಲಿವರೆಗೂ ಸರಿಯಾಗೇ ಇತ್ತು.

ಬೇಕರ್ಸ್‌ಫೀಲ್ಡ್, ಟೆಹಾಚಪಿ ದಾಟಿ ಮಧ್ಯಾಹ್ನ ಬಾರ್‌ಸ್ಟೋಲಿ ಪೆಟ್ರೋಲ್ ಹಾಕಿಸೋಕೆ ನಿಲ್ಲಿಸಿದ್ವಿ, ಹೊರಗೆ 108 ಡಿಗ್ರಿ ಫ್ಯಾರನ್‌ಹೀಟ್, ನಮ್ಮ ಲೆಕ್ಕದಲ್ಲಿ 42. ಸುಮ್ನೆ ಗೇಜ್ ಇಟ್ಟು ನೋಡಿದ್ರೆ 95! ಟೈರ್ ಮೈಮೇಲೆ ಮ್ಯಾಕ್ಸ್ 80 ಅಂತ ಬರೆದಿತ್ತು. ನನಗೆ ಎದೆ ಧಸಕ್ ಅಂತು. ಊರಲ್ಲಿ ಬೇಸಿಗೆ ಬಂದ್ರೆ ಲಾರಿಯೋರು "ಬಿಸಿಲಿಗೆ ಗಾಳಿ ಹಿಗ್ಗುತ್ತೆ, ಸ್ವಲ್ಪ ಇಳಿಸು" ಅನ್ನೋದು ಕೇಳ್ಕೊಂಡೇ ಬೆಳೆದೋನು ನಾನು, ಅಪ್ಪನೂ ಅದನ್ನೇ ಅಂದ್ರು. ಕೂತ್ಕೊಂಡು ಒಂದೊಂದಾಗಿ ಆರರಿಂದಲೂ ಗಾಳಿ ಬಿಟ್ಟು 80ಕ್ಕೆ ತಂದೆ.

ಟೈರ್ ಮೇಲಿರೋ ಆ ಸಾಲನ್ನ ಆಮೇಲೆ ಪೂರ್ತಿ ಓದಿದೆ. ಸಿಂಗಲ್ ಆಗಿ ಹಾಕಿದ್ರೆ 2,680 ಪೌಂಡ್, ಡಬಲ್ ಆಗಿ ಹಾಕಿದ್ರೆ 2,470 ಪೌಂಡ್, 80 ಪಿಎಸ್‌ಐ, ಕೊನೇಲಿ ಕೋಲ್ಡ್ ಅಂತ ಒಂದು ಪದ. ತಣ್ಣಗಿದ್ದಾಗ 80. ಓಡ್ತಾ ಓಡ್ತಾ ಬಿಸಿಯಾಗಿ ಗಾಳಿ ಏರೋದನ್ನ ಟೈರ್ ಮಾಡೋರು ಮೊದ್ಲೇ ಲೆಕ್ಕಕ್ಕೆ ತಗೊಂಡಿರ್ತಾರೆ. ಬಿಸೀಲಿ 80ಕ್ಕೆ ಇಳಿಸಿದ್ರೆ ತಣ್ಣಗಾದಾಗ ಅದು 65-70ರ ಹತ್ರ ಬಂದು ನಿಲ್ಲುತ್ತೆ, ಅಂದ್ರೆ ನಾನು ಇಳಿಸಿದ್ದು ಬಿಸಿಗೆ ಏರಿದ ಗಾಳೀನಲ್ಲ, ಭಾರ ಹೊರೋ ಗಾಳೀನ. ಗಾಳಿ ಕಮ್ಮಿ ಆದ ಟೈರ್ ಪ್ರತಿ ಸುತ್ತಿಗೂ ಜಾಸ್ತಿ ಮಡಚ್ಕೊಳ್ಳುತ್ತೆ, ಮಡಚಿದಷ್ಟೂ ಒಳಗಿಂದ ಬಿಸಿ, ಆ ಬಿಸಿಗೆ ರಬ್ಬರ್ ಮತ್ತೆ ಒಳಗಿರೋ ಸ್ಟೀಲ್ ಬೆಲ್ಟ್ ಒಂದಕ್ಕೊಂದು ಬಿಟ್ಕೊಳ್ಳುತ್ತೆ. ತಂಪು ಮಾಡ್ತೀನಿ ಅಂತ ಹೋಗಿ ಟೈರನ್ನ ಇನ್ನೂ ಬಿಸಿ ಮಾಡಿದ್ದೆ.

68 ಮೈಲಿ ಸ್ಪೀಡಲ್ಲಿದ್ದೆ. ಮೊದ್ಲು ಹಿಂದೆ ಟಪಟಪ ಅಂತ ಸದ್ದು, ಏನದು ಅನ್ನೋಷ್ಟರಲ್ಲಿ ಗುಂಡು ಹೊಡೆದಂಗೆ ಶಬ್ದ, ಗಾಡಿ ಬಲಕ್ಕೆ ಎಳೀತು. ಬ್ರೇಕ್ ಒತ್ತಬಾರದು ಅಂತ ಎಲ್ಲೋ ಕೇಳಿದ್ದು ಅದೃಷ್ಟಕ್ಕೆ ನೆನಪಿತ್ತು. ಸ್ಟೇರಿಂಗ್ ಗಟ್ಟಿ ಹಿಡಿದು, ಆಕ್ಸಿಲರೇಟರ್ ತಕ್ಷಣ ಬಿಡದೆ ನೇರ ಮಾಡ್ಕೊಂಡು, ಆಮೇಲೆ ನಿಧಾನಕ್ಕೆ ಸ್ಪೀಡ್ ಇಳಿಸಿ ಪಕ್ಕಕ್ಕೆ ತಂದೆ. ಇಳಿದು ನೋಡಿದ್ರೆ ಹೊರಗಿನ ಟೈರ್ ಹಾಗೇ ಇದೆ, ಸಿಡಿದಿದ್ದು ಒಳಗಿಂದು. ಅದರ ಪಟ್ಟಿ ಚಾಟಿ ತರ ಬಡಿದು ಚಕ್ರದ ಮೇಲಿನ ಹಲಗೆ ಒಡೆದುಹೋಗಿ, ಕೊಳೆ ನೀರಿನ ಪೈಪ್ ಕಿತ್ತು, ಹಿಂದಿನ ಲೈಟ್ ವೈರ್ ಎಲ್ಲಾ ಜೋತಾಡ್ತಿತ್ತು. ಗ್ಯಾಸ್ ಪೈಪಿಗೂ ಏಟು ಬಿದ್ದಿರಬಹುದು ಅಂತ ಭಯಕ್ಕೆ ಮೊದ್ಲು ಸಿಲಿಂಡರ್ ವಾಲ್ವ್ ಬಂದ್ ಮಾಡ್ದೆ. ನಮ್ಮ ಗಾಡೀಲಿ ಫ್ರಿಜ್ ಓಡೋದು ಗ್ಯಾಸಲ್ಲಿ, ಗ್ಯಾಸ್ ಬಂದ್ ಅಂದ್ರೆ ಫ್ರಿಜ್ಜೂ ಬಂದ್, ಫ್ರಿಜ್ಜಲ್ಲಿ ಅಮ್ಮನ ಇನ್ಸುಲಿನ್. ನಾಲ್ಕು ಗಂಟೆ ಆ ಬಿಸಿಲಲ್ಲಿ ಕಾದ್ವಿ. ಇನ್ಶೂರೆನ್ಸ್ ಜೊತೆ ಬರೋ ರೋಡ್‌ಸೈಡ್ ಸೇವೆಗೆ ಫೋನ್ ಮಾಡಿದ್ರೆ ನಿಮ್ಮ ಪ್ಲಾನ್ ಕಾರಿಗೆ ಮಾತ್ರ, ಮೋಟರ್‌ಹೋಮಿಗೆ ಇಲ್ಲ ಅಂದ್ರು. ಇದನ್ನೂ ಹೊರಡೋ ಮುಂಚೆ ಕೇಳ್ಕೊಳ್ಳಿ. ಅಮ್ಮ ಒದ್ದೆ ಬಟ್ಟೇಲಿ ಇನ್ಸುಲಿನ್ ಸುತ್ತಿ ಮಡಿಲಲ್ಲಿ ಇಟ್ಕೊಂಡು ಒಂದು ಮಾತೂ ಆಡದೆ ಕೂತಿದ್ದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂಗಿದೆ.

ಟ್ರಕ್ ಸರ್ವಿಸ್‌ನೋನು ಬಂದು ಚೂರಾದ ಟೈರ್ ತೆಗೆದು ಅದರ ಮೇಲಿನ ನಂಬರ್ ತೋರಿಸ್ದ. ಡಿಒಟಿ (ಅಮೆರಿಕದ ಸಾರಿಗೆ ಇಲಾಖೆಯ ಗುರುತು) ಅಂತ ಶುರುವಾಗೋ ಸಾಲಿನ ಕೊನೇ ನಾಲ್ಕು ಅಂಕಿ 3212. ಅಂದ್ರೆ 2012ನೇ ಇಸವಿಯ 32ನೇ ವಾರ ತಯಾರಾಗಿದ್ದು. ಹಿಂದಿನ ಓನರ್ ಮುಂದಿನೆರಡು, ಹೊರಗಿನೆರಡು ಮಾತ್ರ ಹೊಸದು ಹಾಕ್ಸಿ ಕಣ್ಣಿಗೆ ಕಾಣದೇ ಇರೋ ಒಳಗಿನೆರಡನ್ನ ಹಾಗೇ ಬಿಟ್ಟಿದ್ದ. ಆ ಟೈರ್ ಬಟನ್ ನಿಜವಾಗ್ಲೂ ಫುಲ್ ಇತ್ತು! ಮೋಟರ್‌ಹೋಮ್ ವರ್ಷದಲ್ಲಿ ಹತ್ತು ತಿಂಗಳು ನಿಂತೇ ಇರುತ್ತೆ, ಬಟನ್ ಸವೆಯಲ್ಲ, ರಬ್ಬರ್ ಮಾತ್ರ ಬಿಸಿಲಿಗೆ ಮುದಿಯಾಗ್ತಾನೇ ಇರುತ್ತೆ. ಮಿಶಲಿನ್ ಕಂಪನಿ ಹೇಳೋದು 5 ವರ್ಷ ಆದ್ಮೇಲೆ ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿ, 10 ವರ್ಷಕ್ಕೆ ಹೇಗಿದ್ರೂ ತೆಗೀರಿ ಅಂತ. ನಾನಂತೂ 6-7ರ ಮೇಲೆ ಇಟ್ಕೊಳ್ಳಲ್ಲ. ತಾರೀಕಿರೋ ಪೂರ್ತಿ ನಂಬರ್ ಟೈರಿನ ಒಂದು ಬದೀಲಿ ಮಾತ್ರ ಇರಬಹುದು, ಆ ಬದಿ ಒಳಗಡೆಗೆ ತಿರುಗಿದ್ರೆ ಗಾಡಿ ಕೆಳಗೆ ಮಲಗಿ ಮೊಬೈಲಲ್ಲಿ ಫೋಟೋ ತೆಗೀಬೇಕು. ಬೇಜಾರು ಮಾಡ್ಕೋಬೇಡಿ, ಮಲಗಿ.

ಭಾರದ ವಿಷಯಾನೂ ಹೇಳ್ಬಿಡ್ತೀನಿ. ರಿಪೇರಿ ಆದ್ಮೇಲೆ (ಬಿಲ್ 3,000 ಡಾಲರ್ ದಾಟ್ತು) ಟ್ರಕ್ ಸ್ಟಾಪಿನ ಕ್ಯಾಟ್ ಸ್ಕೇಲ್ (ಲಾರಿ ತೂಕದ ಕಾಟ) ಮೇಲೆ ನೀರು, ಪೆಟ್ರೋಲ್, ಸಾಮಾನು, ಜನ ಎಲ್ಲಾ ತುಂಬ್ಕೊಂಡು ತೂಕ ಹಾಕಿಸ್ದೆ, ಅಲ್ಲಿ ಮುಂದಿನ ಆಕ್ಸಲ್ಲು ಹಿಂದಿನ ಆಕ್ಸಲ್ಲು ಬೇರೆ ಬೇರೆ ಬರ್ಕೊಡ್ತಾರೆ. ನಮ್ಮ ಹಿಂದಿನ ಆಕ್ಸಲ್ 9,340 ಪೌಂಡ್. ನಮ್ಮ ಸೈಜು ಎಲ್‌ಟಿ225/75ಆರ್16, ಲೋಡ್ ರೇಂಜ್ (ಟೈರ್ ಎಷ್ಟು ಭಾರ ಹೊರುತ್ತೆ ಅನ್ನೋ ದರ್ಜೆ) ಇ. 80ರಲ್ಲಿ ಹಿಂದಿನ ನಾಲ್ಕೂ ಸೇರಿ 9,880 ಹೊರುತ್ತೆ. ಅದೇ 65ಕ್ಕೆ ಬಂದ್ರೆ ಒಂದೊಂದು 2,150, ಒಟ್ಟು 8,600 ಅಷ್ಟೇ. ಬಾರ್‌ಸ್ಟೋಲಿ ಐದು ನಿಮಿಷ ಗಾಳಿ ಬಿಟ್ಟು ನಾನು ಮಾಡಿದ್ದು ಇದು, 740 ಪೌಂಡ್ ಓವರ್‌ಲೋಡ್. ಹಂಗಂತ ನೀವು ನನ್ನ ನಂಬರ್ ಹಾಕ್ಬೇಡಿ, ನಿಮ್ಮ ಗಾಡಿ ತೂಕ ಹಾಕ್ಸಿ, ಟೈರ್ ಕಂಪನಿಯ ಲೋಡ್ ಟೇಬಲ್ (ಎಷ್ಟು ಭಾರಕ್ಕೆ ಎಷ್ಟು ಗಾಳಿ ಅನ್ನೋ ಪಟ್ಟಿ) ನೋಡಿ, ಡ್ರೈವರ್ ಸೀಟ್ ಹತ್ರ ಇರೋ ಸ್ಟಿಕ್ಕರ್‌ನ ಪ್ರೆಶರ್ ಕೂಡ ನೋಡಿ. ನೋಡೋದು ಬೆಳಗ್ಗೆ, ಗಾಡಿ ಮೂರು ಗಂಟೆಯಾದ್ರೂ ನಿಂತಿದ್ಮೇಲೆ.

ಹೊಸ ಟೈರ್ ತಗೊಳ್ಳುವಾಗ ಸೈಜ್ ಒಂದೇ ನೋಡಿ ಮೋಸ ಹೋಗ್ಬೇಡಿ, ಅದೇ ಸೈಜಲ್ಲಿ ಲೋಡ್ ರೇಂಜ್ ಡಿ ಬಂದ್ರೆ ಅದರ ಮಿತಿ 65 ಪಿಎಸ್‌ಐ. ಎಸ್‌ಟಿ ಅಂತಿರೋದು ಟ್ರೇಲರಿಗೆ, ಮೋಟರ್‌ಹೋಮಿಗಲ್ಲ. ಡಬಲ್ ಟೈರಲ್ಲಿ ಒಂದು ಹಳೇದು ಒಂದು ಹೊಸದು ಬೇಡ, ಎತ್ತರ ಇರೋದ್ರ ಮೇಲೇ ಜಾಸ್ತಿ ಭಾರ ಬೀಳುತ್ತೆ. ನಾನು ಆರೂ ಬದಲಾಯಿಸ್ದೆ, ವಾಲ್ವ್ ಕೂಡ ಮೆಟಲ್‌ದು ಹಾಕಿಸ್ದೆ.

ಕಾರಲ್ಲಿ ಗಾಳಿ ಕಮ್ಮಿ ಆದ್ರೆ ಲೈಟ್ ಬರುತ್ತಲ್ಲ ಅಂತ ಇದ್ರಲ್ಲೂ ನಂಬ್ಕೊಂಡಿರಬೇಡಿ, ಆ ಕಾನೂನು 10,000 ಪೌಂಡ್ ಒಳಗಿನ ಗಾಡಿಗೆ, ಅದ್ರಲ್ಲೂ ಡಬಲ್ ಟೈರ್ ಇರೋದಕ್ಕೆ ಇಲ್ಲ. ಡಬಲಲ್ಲಿ ಒಂದು ಖಾಲಿ ಆದ್ರೂ ಇನ್ನೊಂದು ಹೊತ್ಕೊಂಡು ಹೋಗ್ತಿರುತ್ತೆ, ಸೀಟಲ್ಲಿ ಕೂತೋರಿಗೆ ಗೊತ್ತೇ ಆಗಲ್ಲ. ವಾಲ್ವಿಗೆ ಹಾಕೋ ಸೆನ್ಸರ್ ಸಿಗುತ್ತೆ, ಆರಕ್ಕೂ ಹಾಕಿ, ಬಾಡಿಗೆ ಗಾಡಿ ಆದ್ರೆ ಎರಡು ಮೂತಿಯ ಉದ್ದನೇ ಗೇಜ್ ಒಂದು ಜೊತೇಲಿ ಇಟ್ಕೊಳ್ಳಿ, ಒಳಗಿನ ಟೈರಿಗೆ ಮಾಮೂಲಿ ಗೇಜ್ ಮುಟ್ಟಲ್ಲ. ಟೈರ್ ಹೊಸದಾಗಿ ಹಾಕಿಸಿದ್ರೆ 50 ಮೈಲಿ ಓಡಿಸಿದ್ಮೇಲೆ ನಟ್ಟೆಲ್ಲಾ ಮತ್ತೊಂದ್ಸಲ ಟಾರ್ಕ್ ರೆಂಚಲ್ಲಿ ಟೈಟ್ ಮಾಡಿಸಿ.